ಕಡಿಯುವುದೂ ಕಡಿಯದಿರುವುದೂ: ವಿದ್ಯುತ್ ಜಾಲದ ರಿಲೇಗಳು ಮತ್ತು ಸರ್ಕ್ಯೂಟ್ ಬ್ರೇಕರ್‌ಗಳು

(ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಸಾಮಾನ್ಯ ಆಸಕ್ತರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಬಿಟ್ಟು, ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ವಾಕ್ಯಗಳಾಗಿ ಮಾಡಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1965ರ ನವೆಂಬರ್ 9ರ ಸಂಜೆ 5 ಗಂಟೆ 16 ನಿಮಿಷದ ಹೊತ್ತಿಗೆ, ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ, ನಯಾಗರಾ ನದಿಯ ದಡದಲ್ಲಿರುವ ಸರ್ ಆಡಮ್ ಬೆಕ್ ಜಲವಿದ್ಯುತ್ ಕೇಂದ್ರದ ಒಂದು ರಿಲೇ ಕೆಲಸ ಮಾಡಿತು. (ರಿಲೇ ಎಂದರೆ ಲೈನಿನ ಕರೆಂಟನ್ನೂ ವೋಲ್ಟೇಜನ್ನೂ ನೋಡುತ್ತಿದ್ದು, ತೊಂದರೆ ಕಂಡರೆ ಲೈನನ್ನು ಕಡಿಯಲು ಬ್ರೇಕರಿಗೆ ಹೇಳುವ ಸಾಧನ.) ಅದು ಕಾಯುತ್ತಿದ್ದ 230 ಕಿಲೋವೋಲ್ಟ್ ಲೈನಿನಲ್ಲಿ ಆಗ ಯಾವ ದೋಷವೂ (ಫಾಲ್ಟ್) ಇರಲಿಲ್ಲ; ತಂತಿ ಹರಿದಿರಲಿಲ್ಲ, ಮರ ತಗುಲಿರಲಿಲ್ಲ, ಸಿಡಿಲು ಬಡಿದಿರಲಿಲ್ಲ. 1963ರಲ್ಲಿ ಆ ರಿಲೇಗೆ ಒಂದು ಮಿತಿಯನ್ನು ಗೊತ್ತುಮಾಡಿ ಬಿಟ್ಟಿದ್ದರು. ಆಮೇಲಿನ ಎರಡು ವರ್ಷಗಳಲ್ಲಿ ಲೈನಿನ ಮೇಲಿನ ಲೋಡ್ ಏರುತ್ತ ಬಂದು ಆ ಸಂಜೆ ಆ ಮಿತಿಯನ್ನು ಮುಟ್ಟಿತು, ಅಷ್ಟೇ. ಲೈನ್ ಟ್ರಿಪ್ ಆಯಿತು, ಅಂದರೆ ಜಾಲದಿಂದ ಕಳಚಿಕೊಂಡಿತು. ಅದು ಹೊತ್ತಿದ್ದ ಹೊರೆ ಜೊತೆಯ ನಾಲ್ಕು ಲೈನುಗಳ ಮೇಲೆ ಬಿದ್ದು, ಅವೂ ಕೆಲವೇ ಸೆಕೆಂಡುಗಳಲ್ಲಿ ಒಂದರ ಹಿಂದೊಂದು ಕಳಚಿಕೊಂಡವು. ಕೆಲವು ನಿಮಿಷಗಳೊಳಗೆ ನ್ಯೂಯಾರ್ಕ್ ನಗರವೂ ಸೇರಿದಂತೆ ಸುಮಾರು 3 ಕೋಟಿ ಜನ ಕತ್ತಲೆಯಲ್ಲಿದ್ದರು. ಕೆಲವು ಕಡೆ ಕರೆಂಟ್ ಮತ್ತೆ ಬರಲು 13 ಗಂಟೆ ಹಿಡಿಯಿತು.

ಈ ಪ್ರಸಂಗದಲ್ಲಿ ನಾನು ನಿಮ್ಮ ಗಮನಕ್ಕೆ ತರಬಯಸುವುದು ಕತ್ತಲೆಯ ವಿಸ್ತಾರವನ್ನಲ್ಲ. ಆ ರಿಲೇ ಕೆಟ್ಟಿರಲಿಲ್ಲ. ಅದಕ್ಕೆ ಹೇಳಿಕೊಟ್ಟಿದ್ದನ್ನು ಹೇಳಿಕೊಟ್ಟ ಹಾಗೆಯೇ ಮಾಡಿತು. ವಿದ್ಯುತ್ ಸಂರಕ್ಷಣೆಯ ಬಗ್ಗೆ ಮಾತು ಬಂದಾಗಲೆಲ್ಲ ನಾವು ‘ಫಾಲ್ಟ್ ಆದರೆ ಬ್ರೇಕರ್ ಬಿಡುತ್ತದೆ’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತೇವೆ. ಬಿಡುವುದು ಎಂದರೆ ತೆರೆದುಕೊಂಡು ಕರೆಂಟನ್ನು ಕಡಿಯುವುದು. ಫಾಲ್ಟ್ ಆದಾಗ ಬಿಡುವ ಉಪಕರಣವನ್ನು ಮಾಡುವುದು ತುಲನೆಯಲ್ಲಿ ಸುಲಭದ ಕೆಲಸ. ತೆಳುವಾದ ಒಂದು ಫ್ಯೂಸ್ ತಂತಿಯೂ ಅದನ್ನು ಮಾಡುತ್ತದೆ. ತನ್ನದಲ್ಲದ ಫಾಲ್ಟಿಗೆ, ಭಾರಿ ಲೋಡಿಗೆ, ಟ್ರಾನ್ಸ್‌ಫಾರ್ಮರ್ ಚಾರ್ಜ್ ಆಗುವ ಕ್ಷಣದ ಎಳೆತಕ್ಕೆ ಸುಮ್ಮನಿರಬಲ್ಲ ಉಪಕರಣವನ್ನು ಮಾಡುವುದರಲ್ಲಿ ಈ ವಿದ್ಯೆಯ ನೂರಿಪ್ಪತ್ತು ವರ್ಷಗಳ ಬುದ್ಧಿಯೆಲ್ಲ ಖರ್ಚಾಗಿದೆ. ಇವತ್ತಿನ ಮಾತೆಲ್ಲ ಆ ಸುಮ್ಮನಿರುವಿಕೆಯ ಸುತ್ತಲೇ ಇರುತ್ತದೆ.

ಮೊದಲು ಫಾಲ್ಟ್ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. 33/11 ಕಿಲೋವೋಲ್ಟಿನ, 10 ಎಂವಿಎ (ಮೆಗಾವೋಲ್ಟ್-ಆಂಪಿಯರ್) ಸಾಮರ್ಥ್ಯದ ಒಂದು ಟ್ರಾನ್ಸ್‌ಫಾರ್ಮರ್ ಇದೆ ಎನ್ನಿ. 11 ಕೆವಿ ಬದಿಯಲ್ಲಿ ಅದರ ಪೂರ್ಣ ಲೋಡಿನ ಕರೆಂಟ್ ಸುಮಾರು 525 ಆಂಪಿಯರ್. ಅದರ ಇಂಪೀಡೆನ್ಸ್ (ಎ.ಸಿ. ಕರೆಂಟಿಗೆ ಒಡ್ಡುವ ತಡೆ) ಶೇ. 10 ಇದ್ದರೆ, ಆ ಬದಿಯ ಬಸ್‌ಬಾರಿನಲ್ಲೇ (ಲೈನುಗಳೆಲ್ಲ ಬಂದು ಸೇರುವ ಲೋಹದ ಪಟ್ಟಿಯಲ್ಲೇ) ಮೂರು ಫೇಸ್‌ಗಳು ಒಂದಕ್ಕೊಂದು ತಗುಲಿದಾಗ ಹತ್ತಿರ ಹತ್ತಿರ 5,250 ಆಂಪಿಯರ್ ಹರಿಯುತ್ತದೆ. ಕರೆಂಟ್ ಹತ್ತು ಪಟ್ಟಾದರೆ ಶಾಖ ನೂರು ಪಟ್ಟಾಗುತ್ತದೆ. ವೈಂಡಿಂಗಿನ ಸುರುಳಿಗಳನ್ನು ಎಳೆದು ನೂಕುವ ಬಲವೂ ವರ್ಗದ ಲೆಕ್ಕದಲ್ಲೇ ಏರುತ್ತದೆ. ಇದು ಸಣ್ಣ ಟ್ರಾನ್ಸ್‌ಫಾರ್ಮರಿನ ಮಾತು. 400 ಕೆವಿ ಬ್ರೇಕರುಗಳನ್ನು 40,000 ಅಥವಾ 63,000 ಆಂಪಿಯರ್ ಕಡಿಯಲೆಂದೇ ಕಟ್ಟಿರುತ್ತಾರೆ. ಅಲ್ಲಿ ಸುಡುವುದರ ಜೊತೆಗೆ ಇನ್ನೊಂದು ಭಯವೂ ಇದೆ: ಫಾಲ್ಟ್ ನಿಂತಿರುವಷ್ಟು ಹೊತ್ತು ಹತ್ತಿರದ ಜನರೇಟರುಗಳು ತಮ್ಮ ಶಕ್ತಿಯನ್ನು ಹೊರಗೆ ಕಳುಹಿಸಲಾಗದೆ ವೇಗ ಹೆಚ್ಚಿಸಿಕೊಳ್ಳುತ್ತ ಹೋಗಿ, ಜಾಲದ ಉಳಿದ ಯಂತ್ರಗಳೊಂದಿಗಿನ ಹೆಜ್ಜೆಯನ್ನೇ ತಪ್ಪಿಬಿಡುತ್ತವೆ. ಆದ್ದರಿಂದ ದೊಡ್ಡ ಲೈನುಗಳಲ್ಲಿ ರಿಲೇ ಗುರುತಿಸಿ, ಬ್ರೇಕರ್ ಕಡಿದು ಮುಗಿಸಲು ಒಟ್ಟು 100 ಮಿಲಿಸೆಕೆಂಡಿಗಿಂತ ಹೆಚ್ಚು ಸಮಯ ಕೊಡುವುದಿಲ್ಲ. 50 ಹರ್ಟ್ಸ್ ಜಾಲದಲ್ಲಿ ಅದು ಐದು ಆವರ್ತಗಳಷ್ಟು ಕಾಲ.

ಈ ಕೆಲಸ ಒಂದು ಸರಪಳಿಯಂತೆ ನಡೆಯುತ್ತದೆ. ಲೈನಿನ ಸಾವಿರಾರು ಆಂಪಿಯರನ್ನು ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) 1 ಅಥವಾ 5 ಆಂಪಿಯರಿನ ಅಳತೆಗೆ ಇಳಿಸುತ್ತದೆ. ಲಕ್ಷಗಟ್ಟಲೆ ವೋಲ್ಟನ್ನು ಪಿ.ಟಿ. (ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್) 110 ವೋಲ್ಟಿಗೆ ಇಳಿಸುತ್ತದೆ, ರಿಲೇ ಇವೆರಡನ್ನು ನೋಡಿ ತೀರ್ಮಾನ ಮಾಡುತ್ತದೆ, ಬ್ಯಾಟರಿಯ ಡಿ.ಸಿ. ಕರೆಂಟ್ ಟ್ರಿಪ್ ಕಾಯಿಲಿಗೆ ಹರಿಯುತ್ತದೆ; ಕಾಯಿಲ್ ಒಂದು ಚಿಲಕವನ್ನು ತಟ್ಟುತ್ತದೆ; ಸ್ಪ್ರಿಂಗ್ ಬಿಚ್ಚಿಕೊಂಡು ಬ್ರೇಕರಿನ ಕಾಂಟ್ಯಾಕ್ಟುಗಳನ್ನು ಎಳೆದು ಬೇರ್ಪಡಿಸುತ್ತದೆ. ಉಪಕೇಂದ್ರಕ್ಕೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆಯೊಂದಿದೆ: ಅಷ್ಟೊಂದು ಎ.ಸಿ. ಕಣ್ಣ ಮುಂದೆಯೇ ಇರುವಾಗ ಬ್ಯಾಟರಿ ಯಾತಕ್ಕೆ? ಫಾಲ್ಟ್ ಆದ ಕ್ಷಣದಲ್ಲಿ ಆ ಎ.ಸಿ. ವೋಲ್ಟೇಜೇ ಕುಸಿದುಬೀಳುತ್ತದೆ, ಬ್ರೇಕರ್ ಬಿಡಲು ಶಕ್ತಿ ಬೇಕಾದ ಆ ಹೊತ್ತಿನಲ್ಲೇ ಅದನ್ನು ನಂಬುವಂತಿಲ್ಲ. ಬ್ಯಾಟರಿ ಕೋಣೆಯನ್ನು ನಿರ್ಲಕ್ಷಿಸಿ ರಿಲೇ ಪ್ಯಾನೆಲನ್ನು ಮಾತ್ರ ಒರೆಸಿ ಹೊಳೆಯಿಸಿರುವ ಉಪಕೇಂದ್ರಗಳನ್ನು ನಾನು ಕಂಡಿದ್ದೇನೆ. ಆ ಹೊಳಪಿನಿಂದ ಏನೂ ಪ್ರಯೋಜನವಿಲ್ಲ. ಪ್ಯಾನೆಲಿನ ಮೇಲೆ ‘ಟ್ರಿಪ್ ಸರ್ಕ್ಯೂಟ್ ಹೆಲ್ದಿ’ ಎಂದು ಬರೆದ ಒಂದು ಪುಟ್ಟ ದೀಪವೂ ಅದನ್ನು ಹತ್ತಿಸಿ ನೋಡುವ ಗುಂಡಿಯೂ ಇರುತ್ತವೆ. ದೀಪದ ಕರೆಂಟ್ ಟ್ರಿಪ್ ಕಾಯಿಲಿನ ಮೂಲಕವೇ ಹರಿಯುತ್ತದೆ, ಆದರೆ ಕಾಯಿಲನ್ನು ಎಳೆಯಲು ಸಾಲದಷ್ಟು ಕಡಿಮೆ. ಕಾಯಿಲ್ ಸುಟ್ಟಿದ್ದರೆ, ಡಿ.ಸಿ. ಫ್ಯೂಸ್ ಹೋಗಿದ್ದರೆ, ತಂತಿ ಸಡಿಲವಾಗಿದ್ದರೆ ದೀಪ ಹತ್ತುವುದಿಲ್ಲ. ಪಾಳಿ ಬದಲಾದಾಗಲೆಲ್ಲ ಆ ಗುಂಡಿಯನ್ನು ಒತ್ತಿ ನೋಡುವ ಆಪರೇಟರ್ ಇದ್ದಲ್ಲಿ ಅರ್ಧ ಅನಾಹುತ ತಪ್ಪಿದಂತೆ.

ಸಿ.ಟಿ.ಯ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಲೈನಿನಲ್ಲಿ ಕರೆಂಟ್ ಹರಿಯುತ್ತಿರುವಾಗ ಸಿ.ಟಿ.ಯ ಸೆಕೆಂಡರಿಯನ್ನು, ಅಂದರೆ ರಿಲೇಯ ಕಡೆಯ ಸುತ್ತನ್ನು, ಎಂದೂ ತೆರೆದಿಡಬಾರದು. ತೆರೆದರೆ ಪ್ರೈಮರಿಯ (ಲೈನಿನ ಕಡೆಯ) ಕರೆಂಟೆಲ್ಲ ಕೋರನ್ನು ಕಾಂತಗೊಳಿಸಲು ತಿರುಗಿ, ಬಿಚ್ಚಿದ ತುದಿಗಳಲ್ಲಿ ಸಾವಿರಾರು ವೋಲ್ಟ್ ಎದ್ದು ನಿಲ್ಲುತ್ತದೆ. ಮೊದಲು ಶಾರ್ಟ್ ಲಿಂಕ್ ಹಾಕಿ, ಆಮೇಲೆ ತಂತಿ ಬಿಚ್ಚಬೇಕು. ಈ ಕ್ರಮ ತಿರುವುಮುರುವಾದರೆ ಜೀವಕ್ಕೇ ಅಪಾಯ.

ಈಗ ರಿಲೇಗೆ ಬರೋಣ. ಹಳೆಯ ಉಪಕೇಂದ್ರಗಳಲ್ಲಿ ಇವತ್ತಿಗೂ ಗಾಜಿನ ಮುಖದ ಕಪ್ಪು ಪೆಟ್ಟಿಗೆಗಳು ಕಾಣಸಿಗುತ್ತವೆ. ಒಳಗೆ ತೆಳುವಾದ ಒಂದು ಅಲ್ಯೂಮಿನಿಯಂ ತಟ್ಟೆ. ಅದನ್ನು ತಿರುಗಿಸಲು ಸಿ.ಟಿ.ಯಿಂದ ಬಂದ ಕರೆಂಟಿನ ಕಾಂತಕ್ಷೇತ್ರ, ಹಿಂದಕ್ಕೆಳೆಯಲು ಒಂದು ಸುರುಳಿ ಸ್ಪ್ರಿಂಗ್, ವೇಗವನ್ನು ಹಿಡಿದಿಡಲು ಒಂದು ಶಾಶ್ವತ ಅಯಸ್ಕಾಂತ. ಮಿತಿಗಿಂತ ಸ್ವಲ್ಪವೇ ಹೆಚ್ಚು ಕರೆಂಟ್ ಬಂದರೆ ತಟ್ಟೆ ನಿಧಾನವಾಗಿ ತಿರುಗುತ್ತದೆ, ಬಹಳ ಹೆಚ್ಚು ಬಂದರೆ ಬೇಗ. ಇದೇ ಐಡಿಎಂಟಿ (ಇನ್ವರ್ಸ್ ಡೆಫಿನಿಟ್ ಮಿನಿಮಮ್ ಟೈಮ್) ರಿಲೇ. ಅದರ ಸಾಮಾನ್ಯ ರೇಖೆಯಲ್ಲಿ, ಟೈಮ್ ಡಯಲ್ 1ರಲ್ಲಿದ್ದಾಗ, ಮಿತಿಯ ಎರಡು ಪಟ್ಟು ಕರೆಂಟಿಗೆ ಸುಮಾರು 10 ಸೆಕೆಂಡು, ಹತ್ತು ಪಟ್ಟಿಗೆ ಸುಮಾರು 3 ಸೆಕೆಂಡು. ಡಯಲನ್ನು 0.1ಕ್ಕೆ ಇಟ್ಟರೆ ಇವು 1 ಸೆಕೆಂಡು, 0.3 ಸೆಕೆಂಡು ಆಗುತ್ತವೆ. ಯೋಚಿಸಿ ನೋಡಿದರೆ ಇದು ಬಹಳ ಮನುಷ್ಯಸಹಜವಾದ ನಡವಳಿಕೆ: ಸಣ್ಣ ತೊಂದರೆಗೆ ತಾಳ್ಮೆ, ದೊಡ್ಡ ತೊಂದರೆಗೆ ಅವಸರ. ತಟ್ಟೆ ಕೊನೆ ಮುಟ್ಟಿ ಕಾಂಟ್ಯಾಕ್ಟ್ ಕೂಡಿದಾಗ ಪೆಟ್ಟಿಗೆಯ ಮುಖದಲ್ಲಿ ಬಣ್ಣದ ಒಂದು ಫ್ಲ್ಯಾಗ್ ಬೀಳುತ್ತದೆ. ನಮ್ಮ ಹಿರಿಯರು ಮೊದಲ ದಿನವೇ ಹೇಳಿಕೊಡುತ್ತಿದ್ದ ಮಾತು: ಫ್ಲ್ಯಾಗ್ ಬರೆದುಕೊಳ್ಳದೆ ರಿಸೆಟ್ ಮಾಡಬೇಡ.

ಒಂದೇ ದಾರಿಯಲ್ಲಿ ಮೂರು ಬ್ರೇಕರುಗಳಿವೆ ಎಂದುಕೊಳ್ಳಿ. ತುದಿಯದು 0.3 ಸೆಕೆಂಡಿಗೆ, ನಡುವಿನದು 0.7ಕ್ಕೆ, ಮೂಲದ ಹತ್ತಿರದ್ದು 1.1ಕ್ಕೆ ಬಿಡುವಂತೆ ಜೋಡಿಸಿದ್ದೇವೆ. ತುದಿಯಲ್ಲಿ ಫಾಲ್ಟ್ ಆದಾಗ ಮೂರೂ ರಿಲೇಗಳು ಅದನ್ನು ಕಾಣುತ್ತವೆ, ಮೂರರ ತಟ್ಟೆಗಳೂ ತಿರುಗತೊಡಗುತ್ತವೆ. ಆದರೆ ತುದಿಯದು ಕೆಲಸ ಮುಗಿಸುವಷ್ಟರಲ್ಲಿ ಉಳಿದೆರಡು ಇನ್ನೂ ದಾರಿಯಲ್ಲಿರುತ್ತವೆ, ಕರೆಂಟ್ ನಿಂತೊಡನೆ ಹಿಂದಕ್ಕೆ ಸರಿಯುತ್ತವೆ. ನಡುವಿನ ಆ 0.4 ಸೆಕೆಂಡಿನಲ್ಲಿ ಬ್ರೇಕರ್ ಕಡಿಯುವ ಸಮಯ, ಕರೆಂಟ್ ನಿಂತ ಮೇಲೂ ತಟ್ಟೆ ತನ್ನ ವೇಗದಲ್ಲೇ ಒಂದಿಷ್ಟು ಮುಂದೆ ಹೋಗುವ ಚಾಳಿ, ಸಿ.ಟಿ.ಯ ಅಳತೆಯ ತಪ್ಪು, ಇವಿಷ್ಟೂ ಅಡಗಬೇಕು. ವ್ಯವಸ್ಥೆ ಚೆಂದವೇ. ಆದರೆ ಅದರೊಳಗೆ ಒಂದು ವಿಪರ್ಯಾಸವಿದೆ: ಫಾಲ್ಟಿನ ಕರೆಂಟ್ ಅತಿ ಹೆಚ್ಚಾಗಿರುವ ಮೂಲದ ಬಳಿಯಲ್ಲಿಯೇ ಕಾಯುವ ಸಮಯವೂ ಅತಿ ಹೆಚ್ಚು. ಹಂತಗಳು ಹೆಚ್ಚಿದಷ್ಟೂ ಈ ಸಾಲ ಬೆಳೆಯುತ್ತದೆ. ಊರುಗಳಿಗೆ ಕರೆಂಟ್ ಒಯ್ಯುವ 11 ಕೆವಿ ಫೀಡರಿಗೆ ನಡೆದೀತು. 400 ಕೆವಿ ಲೈನಿಗೆ ನಡೆಯುವುದಿಲ್ಲ.

ಅದಕ್ಕೇ ದೊಡ್ಡ ಲೈನುಗಳಲ್ಲಿ ಡಿಸ್ಟೆನ್ಸ್ ರಿಲೇ ಇರುತ್ತದೆ. ಅದು ವೋಲ್ಟೇಜನ್ನು ಕರೆಂಟಿನಿಂದ ಭಾಗಿಸುತ್ತದೆ. ಬಂದ ಓಮ್ ಲೆಕ್ಕ ಫಾಲ್ಟ್ ಎಷ್ಟು ದೂರದಲ್ಲಿದೆ ಎಂಬುದನ್ನು ಹೇಳುತ್ತದೆ, ಏಕೆಂದರೆ ತಂತಿಯ ಇಂಪೀಡೆನ್ಸ್ ದೂರಕ್ಕೆ ತಕ್ಕಂತೆ ಏರುತ್ತದೆ. ಮೊದಲನೆಯ ವಲಯವನ್ನು ಲೈನಿನ ಶೇ. 80ರವರೆಗೆ ಮಾತ್ರ ಇಡುವುದು ರೂಢಿ. ಅಲ್ಲಿ ತಡವೇ ಇಲ್ಲದೆ ಟ್ರಿಪ್. ಪೂರ್ತಿ ನೂರು ಏಕಿಲ್ಲ ಎಂದರೆ, ಅಳತೆಯ ಸಣ್ಣ ತಪ್ಪಿನಿಂದ ಪಕ್ಕದ ಲೈನಿನ ಫಾಲ್ಟನ್ನು ತನ್ನದೆಂದು ಭಾವಿಸಿಬಿಡಬಾರದು. ಎರಡನೆಯ ವಲಯ ಲೈನನ್ನು ದಾಟಿ ಒಂದಿಷ್ಟು ಮುಂದಕ್ಕೆ, ಮೂರನೆಯದು ಅದರಾಚೆಯ ಲೈನಿನ ಕೊನೆಯವರೆಗೂ. ಇವೆರಡೂ ಕಾದು ಬಿಡುತ್ತವೆ. ಮೂರನೆಯ ವಲಯದ ಉದ್ದೇಶ ಒಳ್ಳೆಯದೇ: ಮುಂದಿನ ಉಪಕೇಂದ್ರದ ರಿಲೇಯೋ ಬ್ರೇಕರೋ ಕೈಕೊಟ್ಟರೆ ತಾನಿದ್ದೇನೆ ಎನ್ನುವುದು.

ತೊಂದರೆ ಇರುವುದೂ ಅಲ್ಲೇ. ಲೋಡ್ ಕೂಡ ರಿಲೇಯ ಕಣ್ಣಿಗೆ ಒಂದು ಓಮ್ ಸಂಖ್ಯೆಯೇ. 400 ಕೆವಿಯಲ್ಲಿ 600 ಎಂವಿಎ ಹರಿಯುತ್ತಿದ್ದರೆ ರಿಲೇ ಕಾಣುವುದು ಸುಮಾರು 267 ಓಮ್. ಬಹಳ ದೂರದ ಮಾತು, ಚಿಂತೆಯಿಲ್ಲ. ಜಾಲದಲ್ಲಿ ಬೇರೆ ಲೈನುಗಳು ಹೋಗಿ, ಈ ಒಂದರ ಮೇಲೆ 1,200 ಎಂವಿಎ ಬಿದ್ದು, ವೋಲ್ಟೇಜ್ ಶೇ. 10ರಷ್ಟು ಕುಸಿಯಿತು ಎನ್ನಿ. ಆಗ 360 ಕೆವಿಯ ವರ್ಗವನ್ನು 1,200ರಿಂದ ಭಾಗಿಸಬೇಕು: 108 ಓಮ್. ಉದ್ದನೆಯ ಎರಡು ಲೈನುಗಳನ್ನು ಒಟ್ಟಿಗೆ ಕಾಯಲೆಂದು ಕೈಚಾಚಿರುವ ಮೂರನೆಯ ವಲಯ ಅಷ್ಟರವರೆಗೆ ಬಂದಿರಬಹುದು. ರಿಲೇಗೆ ಅದು ದೂರದ ಫಾಲ್ಟಿನಂತೆ ಕಾಣುತ್ತದೆ; ನಿಗದಿಯಾದ ಸಮಯ ಕಾದು, ಜಾಲಕ್ಕೆ ಆ ಲೈನಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುವ ಗಳಿಗೆಯಲ್ಲಿ ಅದನ್ನು ಕಡಿದುಹಾಕುತ್ತದೆ.

ಇದು ಊಹೆಯ ಮಾತಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಮರಗಳಿಗೆ ತಗುಲಿ ಕೆಲವು ಲೈನುಗಳು ಮೊದಲೇ ಹೋಗಿದ್ದ ಹೊತ್ತಿನಲ್ಲಿ, ಸಂಜೆ 4 ಗಂಟೆ 5 ನಿಮಿಷ 57 ಸೆಕೆಂಡಿಗೆ ಸ್ಯಾಮಿಸ್–ಸ್ಟಾರ್ ಎಂಬ 345 ಕೆವಿ ಲೈನನ್ನು ಮೂರನೆಯ ವಲಯದ ರಿಲೇ ಟ್ರಿಪ್ ಮಾಡಿತು. ಫಾಲ್ಟ್ ಇರಲಿಲ್ಲ, ಹೆಚ್ಚಿದ ಕರೆಂಟ್ ಮತ್ತು ಇಳಿದ ವೋಲ್ಟೇಜ್ ಇದ್ದವು. ಅಲ್ಲಿಂದಾಚೆಗೆ ಕುಸಿತ ಮನುಷ್ಯರ ಕೈಮೀರಿ ಓಡಿತು. ಅಮೆರಿಕ ಮತ್ತು ಕೆನಡಾದ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. 2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಭಾರತದ ಉತ್ತರ ಜಾಲ ಕುಸಿದಾಗಲೂ, ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಒಟ್ಟಿಗೆ ಕುಸಿದಾಗಲೂ, ಸರಣಿಯಲ್ಲಿ ನಿರ್ಣಾಯಕವಾದದ್ದು 400 ಕೆವಿ ಬಿನಾ–ಗ್ವಾಲಿಯರ್ ಲೈನ್. ಎರಡೂ ದಿನ ಅದು ಬಿಟ್ಟದ್ದು ಮೂರನೆಯ ವಲಯದಲ್ಲಿ, ಲೋಡನ್ನು ಫಾಲ್ಟೆಂದು ಬಗೆದು. ಎರಡನೆಯ ದಿನ ತಟ್ಟಿದ್ದು ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶಕ್ಕೆ. 1965, 2003, 2012: ರಿಲೇಗಳ ತಂತ್ರಜ್ಞಾನ ಈ ನಡುವೆ ಪೂರ್ತಿ ಬದಲಾಗಿತ್ತು, ತಪ್ಪಿನ ಸ್ವರೂಪ ಬದಲಾಗಿರಲಿಲ್ಲ. 2003ರ ಅನುಭವದ ನಂತರ ಉತ್ತರ ಅಮೆರಿಕದಲ್ಲಿ ಒಂದು ನಿಯಮ ಬಂತು: ವೋಲ್ಟೇಜ್ ಶೇ. 85ಕ್ಕೆ ಇಳಿದಿದ್ದರೂ, ಲೈನಿನ ಗರಿಷ್ಠ ಋತುಮಾನದ ಸಾಮರ್ಥ್ಯದ ಒಂದೂವರೆ ಪಟ್ಟು ಕರೆಂಟ್ ಹರಿಯುತ್ತಿದ್ದರೂ ರಿಲೇ ಬಿಡಬಾರದು. ಇದು ರಿಲೇಗೆ ಸುಮ್ಮನಿರಲು ಹೇಳುವ ನಿಯಮವೆಂಬುದನ್ನು ಗಮನಿಸಿ.

ಫಾಲ್ಟ್ ತನ್ನ ಮನೆಯೊಳಗಿದೆಯೋ ಹೊರಗಿದೆಯೋ ಎಂಬುದನ್ನು ಖಚಿತವಾಗಿ ಹೇಳಬಲ್ಲ ಉಪಾಯವೊಂದನ್ನು ಇಂಗ್ಲೆಂಡಿನ ಚಾರ್ಲ್ಸ್ ಮರ್ಜ್ ಮತ್ತು ಬರ್ನಾರ್ಡ್ ಪ್ರೈಸ್ 1904ರಲ್ಲೇ ಕೊಟ್ಟಿದ್ದರು. ಒಳಗೆ ಹೋದ ಕರೆಂಟೆಲ್ಲ ಹೊರಗೆ ಬರಬೇಕು. ಬರಲಿಲ್ಲವೆಂದರೆ ನಡುವೆ ಎಲ್ಲೋ ಸೋರಿದೆ. ಇದೇ ಡಿಫರೆನ್ಷಿಯಲ್ ಸಂರಕ್ಷಣೆ. ಹೊರಗಿನ ಫಾಲ್ಟಿಗೆ ಎಷ್ಟೇ ಕರೆಂಟ್ ಹಾಯ್ದುಹೋದರೂ ಎರಡು ಬದಿಯ ಲೆಕ್ಕ ಸರಿಹೊಂದುವುದರಿಂದ ಇದಕ್ಕೆ ಕಾಯುವ ಅಗತ್ಯವೇ ಇಲ್ಲ. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯಲ್ಲಿ ಇದಕ್ಕಿಂತ ಸೊಗಸಾದ ವಿಚಾರ ಇನ್ನೊಂದಿಲ್ಲ. ಆದರೆ ಸೊಗಸಾದ ವಿಚಾರವೂ ಕೊನೆಗೆ ಟರ್ಮಿನಲ್ಲಿಗೆ ಬಿಗಿದ ತಂತಿಯ ಮೇಲೆಯೇ ನಿಂತಿರುತ್ತದೆ. ಅದನ್ನು ನಾನು ಕಲಿತ ರಾತ್ರಿಯೊಂದರ ಕಥೆ ಹೇಳುತ್ತೇನೆ.

ನಾನು ರಿಲೇ ಟೆಸ್ಟಿಂಗ್ ತಂಡದಲ್ಲಿದ್ದ ಕಾಲ. ಒಂದು ಟ್ರಾನ್ಸ್‌ಫಾರ್ಮರಿನ ಹೈ ವೋಲ್ಟೇಜ್ ಬದಿಯ ಸಿ.ಟಿ.ಗಳನ್ನು ಬದಲಾಯಿಸಿ ಮತ್ತೆ ಚಾರ್ಜ್ ಮಾಡಿದ್ದರು. ಕೆಲವು ವಾರ ಏನೂ ಆಗಲಿಲ್ಲ. ಒಂದು ಸಂಜೆ ಹೊರಗಿನ ಫೀಡರೊಂದರಲ್ಲಿ ಇನ್ಸುಲೇಟರ್ ಸಿಡಿಯಿತು. ಫೀಡರಿನ ಬ್ರೇಕರ್ ಬಿಡುವುದರೊಳಗೆ ಟ್ರಾನ್ಸ್‌ಫಾರ್ಮರಿನ ಡಿಫರೆನ್ಷಿಯಲ್ ರಿಲೇಯೇ ಕೆಲಸ ಮಾಡಿ, ಲಾಕ್‌ಔಟ್ ಬಿತ್ತು. ಲಾಕ್‌ಔಟ್ ಬಿದ್ದರೆ ಯಾರಾದರೂ ಕೈಯಿಂದ ತಿರುಗಿಸಿ ಬಿಡಿಸುವ ತನಕ ಬ್ರೇಕರ್ ಹಾಕಲು ಬರುವುದಿಲ್ಲ. ‘ಮೊದಲು ಬಂದು ನೋಡು’ ಎಂಬುದು ಅದರ ಅರ್ಥ. ನಾವು ಹೋಗಿ ನೋಡಿದೆವು. ಬುಕೋಲ್ಜ್ ರಿಲೇಯಲ್ಲಿ ಅನಿಲ ಕೂಡಿರಲಿಲ್ಲ. (1921ರಲ್ಲಿ ಮ್ಯಾಕ್ಸ್ ಬುಕೋಲ್ಜ್ ಪೇಟೆಂಟ್ ಪಡೆದ ಈ ಸಾಧನ, ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಫಾಲ್ಟಿನಿಂದ ಏಳುವ ಗುಳ್ಳೆಗಳನ್ನು ಹಿಡಿಯುತ್ತದೆ, ಸರಳವಾದದ್ದು, ಸುಳ್ಳು ಹೇಳುವುದು ಅಪರೂಪ.) ಮೆಗ್ಗರ್ ಹಿಡಿದೆವು, ಇನ್ಸುಲೇಷನ್ ಚೆನ್ನಾಗಿತ್ತು. ಟರ್ನ್ಸ್ ರೇಷಿಯೋ ಸರಿಯಿತ್ತು, ವೈಂಡಿಂಗ್ ರೆಸಿಸ್ಟೆನ್ಸ್ ಸರಿಯಿತ್ತು. ಮಧ್ಯರಾತ್ರಿಯ ಹೊತ್ತಿಗೆ ‘ಸಾರ್, ಒಂದು ಸಲ ಚಾರ್ಜ್ ಮಾಡಿ ನೋಡೋಣ’ ಎಂಬ ಮಾತು ಶುರುವಾಗಿತ್ತು.

ನಮ್ಮ ಹಿರಿಯ ಎಂಜಿನಿಯರರು ಒಪ್ಪಲಿಲ್ಲ. ಒಂದು ಟಾರ್ಚ್ ಸೆಲ್ಲನ್ನೂ ನಡುವೆ ಸೊನ್ನೆಯಿರುವ ಒಂದು ಮುಳ್ಳಿನ ಮೀಟರನ್ನೂ ತರಿಸಿದರು. ಸಿ.ಟಿ.ಯ ಪ್ರೈಮರಿಗೆ ಸೆಲ್ಲಿನ ತಂತಿಯನ್ನು ಒಂದು ಕ್ಷಣ ಮುಟ್ಟಿಸುವುದು, ಸೆಕೆಂಡರಿಗೆ ಹಾಕಿದ ಮೀಟರಿನ ಮುಳ್ಳು ಯಾವ ಕಡೆ ಒದೆಯುತ್ತದೆ ಎಂದು ನೋಡುವುದು. ಆರ್ ಫೇಸ್: ಬಲಕ್ಕೆ. ಬಿ ಫೇಸ್: ಬಲಕ್ಕೆ. ವೈ ಫೇಸ್: ಎಡಕ್ಕೆ. ತಂತಿಗಳೆಲ್ಲ ಬಂದು ಕೂಡುವ ಮಾರ್ಷಲಿಂಗ್ ಬಾಕ್ಸ್ ತೆರೆದು ಫೆರೂಲ್ (ತಂತಿಯ ತುದಿಯ ಗುರುತಿನ ಉಂಗುರ) ಸಂಖ್ಯೆಗಳನ್ನು ಓದಿದಾಗ ವೈ ಫೇಸಿನ ಎರಡು ತಂತಿಗಳು ಅದಲುಬದಲಾಗಿದ್ದವು. ಹೀಗಾದಾಗ ಎರಡು ಬದಿಯ ಕರೆಂಟುಗಳು ಕಳೆಯುವ ಬದಲು ಕೂಡಿಕೊಳ್ಳುತ್ತವೆ. ಅಷ್ಟು ವಾರ ಅದು ಸುಮ್ಮನಿದ್ದದ್ದೇಕೆ? ಟ್ರಾನ್ಸ್‌ಫಾರ್ಮರಿನ ಮೇಲೆ ಶೇ. 5ರಷ್ಟು ಲೋಡ್ ಮಾತ್ರ ಇತ್ತು. ಸುಳ್ಳು ವ್ಯತ್ಯಾಸ ಶೇ. 10 ಆಗಿತ್ತು, ರಿಲೇಯ ಮಿತಿ ಶೇ. 20ರಲ್ಲಿತ್ತು. ಹೊರಗಿನ ಫಾಲ್ಟಿನ ಕರೆಂಟ್ ಹಾಯ್ದ ಮೊದಲ ಸಲವೇ ಬಣ್ಣ ಬಯಲಾಯಿತು. ಚಾರ್ಜ್ ಮಾಡುವ ಮೊದಲು ಮಾಡಲೇಬೇಕಾದ ಸ್ಟೆಬಿಲಿಟಿ ಟೆಸ್ಟಿನ ಎದುರು ದಾಖಲೆ ಪುಸ್ತಕದಲ್ಲಿ ‘ತೃಪ್ತಿಕರ’ ಎಂದು ಬರೆದಿತ್ತು. ಆ ಪರೀಕ್ಷೆಗೆ ಆ ಹೆಸರಿರುವುದೇ ಸುಮ್ಮನಿರಬೇಕಾದಾಗ ರಿಲೇ ಸುಮ್ಮನಿರುತ್ತದೆಯೇ ಎಂದು ನೋಡುವುದಕ್ಕಾಗಿ.

ಟ್ರಾನ್ಸ್‌ಫಾರ್ಮರಿಗೆ ಇನ್ನೊಂದು ಚೇಷ್ಟೆಯಿದೆ. ಚಾರ್ಜ್ ಮಾಡಿದ ಕ್ಷಣದಲ್ಲಿ ಅದರ ಕೋರ್ ಕಾಂತಗೊಳ್ಳಲು ಪೂರ್ಣ ಲೋಡಿನ ಹಲವು ಪಟ್ಟು ಕರೆಂಟ್ ಒಂದೇ ಬದಿಯಿಂದ ಎಳೆದುಕೊಳ್ಳುತ್ತದೆ. ಇನ್ನೊಂದು ಬದಿಯಲ್ಲಿ ಏನೂ ಇರುವುದಿಲ್ಲ. ಡಿಫರೆನ್ಷಿಯಲ್ ಕಣ್ಣಿಗೆ ಇದು ಅಪ್ಪಟ ಒಳಗಿನ ಫಾಲ್ಟ್. ಆದರೆ ಆ ಎಳೆತದ ಅಲೆಯಲ್ಲಿ ಎರಡನೆಯ ಹಾರ್ಮೋನಿಕ್, ಅಂದರೆ ಎರಡರಷ್ಟು ಆವರ್ತನದ ಅಲೆ, ಬಹಳವಿರುತ್ತದೆ, ನಿಜವಾದ ಫಾಲ್ಟಿನಲ್ಲಿ ಅಷ್ಟಿರುವುದಿಲ್ಲ. ಆದ್ದರಿಂದ ಅದು ಶೇ. 15–20ನ್ನು ದಾಟಿದರೆ ರಿಲೇಯನ್ನು ತಡೆದು ನಿಲ್ಲಿಸುತ್ತಾರೆ.

ಇನ್ನು ಬ್ರೇಕರ್. ಎರಡು ಲೋಹದ ತುಂಡುಗಳನ್ನು ಬೇರೆ ಮಾಡಿದರೆ ಕರೆಂಟ್ ನಿಲ್ಲುತ್ತದೆ ಎಂಬುದು ಮನೆಯ ಸ್ವಿಚ್ಚಿನ ಅನುಭವ. ಹೈ ವೋಲ್ಟೇಜಿನಲ್ಲಿ ನಿಲ್ಲುವುದಿಲ್ಲ. ಕಾಂಟ್ಯಾಕ್ಟುಗಳು ಬೇರಾದೊಡನೆ ನಡುವೆ ಆರ್ಕ್ ಹೊತ್ತಿಕೊಂಡು, ಸಾವಿರಾರು ಡಿಗ್ರಿ ಶಾಖದ ಆ ಅನಿಲವೇ ತಂತಿಯಂತೆ ಕರೆಂಟ್ ಒಯ್ಯುತ್ತದೆ. ಅದೃಷ್ಟಕ್ಕೆ ಎ.ಸಿ. ಕರೆಂಟ್ ತಾನಾಗಿಯೇ ಸೊನ್ನೆಯನ್ನು ಹಾಯುತ್ತದೆ: 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 100 ಸಲ, ಪ್ರತಿ 10 ಮಿಲಿಸೆಕೆಂಡಿಗೆ ಒಮ್ಮೆ. ಬ್ರೇಕರ್ ಕರೆಂಟನ್ನು ಬಲವಂತವಾಗಿ ಕತ್ತರಿಸುವುದಿಲ್ಲ. ಆ ಸೊನ್ನೆಗೆ ಕಾದಿದ್ದು, ಮತ್ತೆ ಹೊತ್ತಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಸೊನ್ನೆಯ ಆ ಕ್ಷಣದ ನಂತರ ಕಾಂಟ್ಯಾಕ್ಟುಗಳ ನಡುವಿನ ಅಂತರ ತಣ್ಣಗಾಗಿ ಇನ್ಸುಲೇಟರ್ ಆಗತೊಡಗುತ್ತದೆ. ಅದೇ ವೇಳೆಗೆ ಜಾಲದ ವೋಲ್ಟೇಜ್ ಕುಣಿಯುತ್ತ ಆ ಅಂತರದ ಮೇಲೆ ಏರಿಬರುತ್ತದೆ. ಯಾವುದು ಮುಂದೆ ಹೋಗುತ್ತದೆಯೋ ಅದರದೇ ಗೆಲುವು. 1928ರಲ್ಲಿ ಅಮೆರಿಕದ ಎಂಜಿನಿಯರ್ ಜೋಸೆಫ್ ಸ್ಲೆಪಿಯನ್ ಇದನ್ನು ಓಟದ ಸ್ಪರ್ಧೆಯಾಗಿಯೇ ವಿವರಿಸಿದರು. ಡಿ.ಸಿ.ಯಲ್ಲಿ ಈ ಸೊನ್ನೆಯೇ ಇಲ್ಲ. ಹಾಗಾಗಿ ಹೈ ವೋಲ್ಟೇಜ್ ಡಿ.ಸಿ.ಯನ್ನು ಕಡಿಯುವ ಬ್ರೇಕರ್ ಎಂಜಿನಿಯರುಗಳನ್ನು ಬಹುಕಾಲ ಕಾಡಿಸಿತು.

ಆರ್ಕನ್ನು ನಂದಿಸಲು ಮೊದಲು ಎಣ್ಣೆ ಬಂತು, ಆಮೇಲೆ ಜೋರಾಗಿ ಊದುವ ಗಾಳಿ. 11 ಮತ್ತು 33 ಕೆವಿಯಲ್ಲಿ ಈಗ ವ್ಯಾಕ್ಯೂಮ್ ಬ್ರೇಕರಿನದೇ ರಾಜ್ಯ. ಸುಮಾರು ಒಂದು ಸೆಂಟಿಮೀಟರ್ ಅಂತರವೇ ಅದಕ್ಕೆ ಸಾಕು. ಅದಕ್ಕೂ ಮೇಲಿನ ವೋಲ್ಟೇಜುಗಳಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ, ಅಂದರೆ ಎಸ್‌ಎಫ್6. ಒಂದೇ ಒತ್ತಡದಲ್ಲಿ ಗಾಳಿಗಿಂತ ಎರಡೂವರೆಯಿಂದ ಮೂರು ಪಟ್ಟು ವೋಲ್ಟೇಜನ್ನು ಅದು ತಡೆಯುತ್ತದೆ, ಆರ್ಕ್ ನಂದಿದ ಮೇಲೆ ಬಹಳ ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ಭೂಮಿಯ ಶಾಖ ಹೆಚ್ಚಿಸುವುದರಲ್ಲಿ ಒಂದು ಕಿಲೋ ಎಸ್‌ಎಫ್6 ಸುಮಾರು 23,500 ಕಿಲೋ ಕಾರ್ಬನ್ ಡೈ ಆಕ್ಸೈಡಿಗೆ ಸಮ. ಆದ್ದರಿಂದಲೇ ಐರೋಪ್ಯ ಒಕ್ಕೂಟ 2024ರ ನಿಯಮದ ಮೂಲಕ ಹೊಸ ಉಪಕರಣಗಳಲ್ಲಿ ಇದನ್ನು ಹಂತಹಂತವಾಗಿ ಕೈಬಿಡಿಸುತ್ತಿದೆ.

ಬ್ರೇಕರಿನ ನಿಜವಾದ ಶತ್ರು ಆರ್ಕ್ ಎಂದು ಪುಸ್ತಕ ಓದಿದವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಗಟ್ಟಿಯಾದ ಗ್ರೀಸ್. ವರ್ಷಗಟ್ಟಲೆ ಮುಚ್ಚಿಕೊಂಡೇ ಇದ್ದ ಬ್ರೇಕರ್ ಮೊದಲ ಸಲ ಬಿಡುವಾಗ ಹತ್ತಿಪ್ಪತ್ತು ಮಿಲಿಸೆಕೆಂಡು ತಡ ಮಾಡುತ್ತದೆ, ಎರಡನೆಯ ಸಲಕ್ಕೆ ಚಿಲಕಗಳೆಲ್ಲ ಸಡಿಲಗೊಂಡು ಸರಿಯಾದ ಸಮಯಕ್ಕೇ ಬಿಡುತ್ತದೆ. ಆದ್ದರಿಂದ ಪರೀಕ್ಷೆಗೆ ಹೋದವರು ಮೊದಲ ಟ್ರಿಪ್ಪನ್ನೇ ಅಳೆಯಬೇಕು. ಎರಡು ಮೂರು ಸಲ ಆಡಿಸಿ ‘ಫ್ರೀ’ ಮಾಡಿಕೊಂಡು ಅಳೆದರೆ ರೋಗವನ್ನು ವಾಸಿ ಮಾಡಿ ರೋಗಿಯನ್ನು ಪರೀಕ್ಷಿಸಿದಂತೆ. ಬ್ರೇಕರ್ ಬಿಡಲೇ ಇಲ್ಲವೆಂದರೆ? ಟ್ರಿಪ್ ಆಜ್ಞೆ ಹೋಗಿ ಸುಮಾರು 200 ಮಿಲಿಸೆಕೆಂಡು ಕಳೆದರೂ ಕರೆಂಟ್ ನಿಲ್ಲದಿದ್ದರೆ, ಅದೇ ಬಸ್ಸಿನ ಮೇಲಿರುವ ಎಲ್ಲ ಬ್ರೇಕರುಗಳನ್ನೂ ಎಲ್‌ಬಿಬಿ (ಲೋಕಲ್ ಬ್ರೇಕರ್ ಬ್ಯಾಕಪ್) ಎಂಬ ಏರ್ಪಾಡು ಬಿಡಿಸುತ್ತದೆ. ಆ ದಿನ ಉಪಕೇಂದ್ರದ ಒಂದು ಪಾಲು ಪೂರ್ತಿ ಹೋಗುತ್ತದೆ, ಆದರೆ ಜಾಲ ಉಳಿಯುತ್ತದೆ.

1984ರಲ್ಲಿ ಅಮೆರಿಕದ ಎಡ್ಮಂಡ್ ಶ್ವೈಟ್ಜರ್ ಮೈಕ್ರೋಪ್ರೊಸೆಸರ್ ಆಧಾರಿತ ಡಿಸ್ಟೆನ್ಸ್ ರಿಲೇಯನ್ನು ಮಾರುಕಟ್ಟೆಗೆ ತಂದ ಮೇಲೆ ತಿರುಗುವ ತಟ್ಟೆಗಳ ಕಾಲ ಮೆಲ್ಲನೆ ಮುಗಿಯುತ್ತ ಬಂತು. ಇಂದಿನ ನ್ಯೂಮೆರಿಕಲ್ ರಿಲೇ ಫಾಲ್ಟಿನ ಅಲೆಯನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ದಾಖಲಿಸಿಡುತ್ತದೆ, ಎಷ್ಟು ಕಿಲೋಮೀಟರ್ ದೂರದಲ್ಲಿ ಆಯಿತೆಂದು ಹೇಳುತ್ತದೆ, ತನ್ನ ಆರೋಗ್ಯವನ್ನು ತಾನೇ ನೋಡಿಕೊಳ್ಳುತ್ತದೆ. ಹಳೆಯ ಪೆಟ್ಟಿಗೆಗೆ ಎರಡು ಹೊಂದಾಣಿಕೆಗಳಿದ್ದವು. ಹೊಸದಕ್ಕೆ ನೂರಾರು ಇವೆ. ಆ ನೂರಾರನ್ನೂ ತುಂಬುವವನು ಮನುಷ್ಯನೇ. ಹಿಂದಿನ ಯೋಜನೆಯ ಫೈಲನ್ನು ನಕಲು ಮಾಡಿ, ಲೈನಿನ ಉದ್ದವನ್ನಷ್ಟೇ ಬದಲಿಸಿ, ಉಳಿದದ್ದನ್ನು ಹಾಗೆಯೇ ಬಿಟ್ಟ ಸೆಟ್ಟಿಂಗುಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಈ ನಡುವೆ ಸೌರ ಮತ್ತು ಪವನ ವಿದ್ಯುತ್ತು ಹೊಸ ಸಮಸ್ಯೆಯನ್ನೂ ತಂದಿವೆ. ಜನರೇಟರ್ ಫಾಲ್ಟಿಗೆ ತನ್ನ ಸಾಮಾನ್ಯ ಕರೆಂಟಿನ ಹಲವು ಪಟ್ಟು ಕೊಡುತ್ತಿತ್ತು; ಇನ್ವರ್ಟರ್ ತನ್ನ ಟ್ರಾನ್ಸಿಸ್ಟರುಗಳನ್ನು ಕಾಪಾಡಿಕೊಳ್ಳಲು 1.1 ಅಥವಾ 1.2 ಪಟ್ಟಿಗೇ ಕೈ ಬಿಗಿಹಿಡಿಯುತ್ತದೆ. ಫಾಲ್ಟಿಗೂ ಲೋಡಿಗೂ ಇದ್ದ ದೊಡ್ಡ ಅಂತರ ಅಲ್ಲಿ ಮಾಯವಾಗಿದೆ. ಕರೆಂಟಿನ ಗಾತ್ರವನ್ನೇ ನಂಬಿದ್ದ ರಿಲೇ ಈಗ ಬಿಡಬೇಕಾದಾಗಲೂ ಸುಮ್ಮನಿದ್ದುಬಿಡುವ ಅಪಾಯವಿದೆ. ಎರಡು ತುದಿಗಳ ಕರೆಂಟನ್ನು ಫೈಬರಿನ ಮೂಲಕ ಹೋಲಿಸುವ ಡಿಫರೆನ್ಷಿಯಲ್ಲಿಗೆ, ಅಂದರೆ ಮರ್ಜ್ ಮತ್ತು ಪ್ರೈಸರ ಹಳೆಯ ವಿಚಾರಕ್ಕೇ, ಮತ್ತೆ ಬೆಲೆ ಬಂದಿರುವುದು ಇದರಿಂದ.

ಉಪನ್ಯಾಸ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ಅವರ ಮನೆಯಲ್ಲಿ ಒಂದು ಪ್ಲಗ್ಗಿನಲ್ಲಿ ಶಾರ್ಟ್ ಆದಾಗ ಆ ಕೋಣೆಯ 10 ಆಂಪಿಯರ್ ಎಂಸಿಬಿಯ (ಮನೆಯ ಪುಟ್ಟ ಬ್ರೇಕರಿನ) ಜೊತೆಗೆ ಬಾಗಿಲ ಬಳಿಯ 32 ಆಂಪಿಯರ್ ಎಂಸಿಬಿಯೂ ಬಿಟ್ಟಿತಂತೆ. ಎರಡರಲ್ಲಿ ಯಾವುದು ಕೆಟ್ಟಿದೆ ಎಂದು ಕೇಳಿದರು. ಎರಡೂ ಚೆನ್ನಾಗಿವೆ. ಸಿ ಮಾದರಿಯ ಎಂಸಿಬಿ ತನ್ನ ಅಂಕಿಯ 5ರಿಂದ 10 ಪಟ್ಟು ಕರೆಂಟಿಗೆ ತಕ್ಷಣ ಬಿಡುತ್ತದೆ: ಚಿಕ್ಕದು 50ರಿಂದ 100 ಆಂಪಿಯರಿನ ನಡುವೆ, ದೊಡ್ಡದು 160ರಿಂದ 320ರ ನಡುವೆ. ಉದ್ದನೆಯ ವೈರಿನ ತುದಿಯಲ್ಲಿ ಶಾರ್ಟ್ ಆಗಿ 130 ಆಂಪಿಯರ್ ಹರಿದಿದ್ದರೆ ಚಿಕ್ಕದು ಮಾತ್ರ ಬಿಡುತ್ತಿತ್ತು. ಆ ಪ್ಲಗ್ ಬೋರ್ಡಿನ ಹತ್ತಿರವೇ ಇತ್ತು ಎಂದು ಅವರೇ ಹೇಳಿದರು. ಅಲ್ಲಿ 800 ಆಂಪಿಯರ್ ಹರಿದಿದ್ದರೂ ಆಶ್ಚರ್ಯವಿಲ್ಲ. ಅಷ್ಟಕ್ಕೆ ಎರಡೂ ತಕ್ಷಣದ ವಲಯದಲ್ಲೇ ಬೀಳುತ್ತವೆ, ಕಾಯುವ ಮಾತು ಇಬ್ಬರಿಗೂ ತಿಳಿಯದು. ಬಾಗಿಲ ಬಳಿಯ ಎಂಸಿಬಿ ಕಾಯಬೇಕೆಂದರೆ ಅಲ್ಲಿ ತಡಮಾಡಿ ಬಿಡುವ ಬ್ರೇಕರನ್ನೋ, ಚಿಕ್ಕದರ ಜೊತೆ ಹೊಂದುತ್ತದೆಂದು ತಯಾರಕರು ಪಟ್ಟಿಯಲ್ಲಿ ತೋರಿಸಿರುವ ಮಾದರಿಯನ್ನೋ ಹಾಕಿಸಬೇಕು.